ಕಲಬುರಗಿ ಕಡೆಯಿಂದ ದ್ವೀಪಕ್ಕೆ: ಮಲ್ಪೆ, ಕೂರ್ಮಗಡ, ನೀಲ್, ಲಕ್ಷದ್ವೀಪ – ಯಾವುದು ಯಾರಿಗೆ?

ಕಲಬುರಗಿಯಿಂದ ಕಾರವಾರದ ಕಡಲಿಗೆ ರಸ್ತೆಯಲ್ಲಿ ಸುಮಾರು 500 ಕಿ.ಮೀ., ಉಡುಪಿಗೆ ಸುಮಾರು 600. ಬೀದರದವರು ಇದಕ್ಕೆ ಇನ್ನೂ ನೂರು ಚಿಲ್ಲರೆ ಸೇರಿಸಿಕೊಳ್ಳಬೇಕು. ಇಷ್ಟು ದೂರ ಹೋಗಿ ದೋಣಿ ಹತ್ತುವವರು ‘ಯಾವ ದ್ವೀಪ ಚಂದ?’ ಎಂದು ಕೇಳುತ್ತ ಕೂತರೆ ಉತ್ತರ ಸಿಗುವುದಿಲ್ಲ, ಯಾಕೆಂದರೆ ಚಂದ ಎಲ್ಲವೂ ಇವೆ. ಕೇಳಬೇಕಾದ್ದು ಬೇರೆ. ಸಂಜೆಯ ಕೊನೆಯ ದೋಣಿ ಹೋದ ಮೇಲೆ ಅಲ್ಲಿ ಉಳಿಯಲು ಬಿಡುತ್ತಾರೆಯೇ? ಅಲ್ಲಾಡುವ ದೋಣಿಯಿಂದ ಇಳಿದು ಹತ್ತುವುದು ಮನೆಯ ಹಿರಿಯರ ಮೊಣಕಾಲಿಗೆ ಆಗುತ್ತದೆಯೇ?

ಮೊದಲ ಪ್ರಶ್ನೆ ಯಾಕೆ ಅಂದರೆ, ಸಣ್ಣ ದ್ವೀಪದ ಗದ್ದಲವನ್ನು ದೋಣಿಯೇ ತರುತ್ತದೆ, ದೋಣಿಯೇ ಹೊತ್ತೊಯ್ಯುತ್ತದೆ. ಹಗಲು ನೂರಾರು ಜನ ಸೆಲ್ಫಿಗೆ ನಿಲ್ಲುವ ದಂಡೆಯಲ್ಲಿ ಸಂಜೆಯ ಮೇಲೆ ತೆರೆಯ ಸದ್ದು ಬಿಟ್ಟರೆ ಏನೂ ಇರುವುದಿಲ್ಲ. ಆ ಹೊತ್ತಿಗೆ ನೀವು ಅಲ್ಲಿ ಇರಬಹುದೋ, ವಾಪಸು ದೋಣಿಯ ಸರದಿಯಲ್ಲಿ ನಿಂತಿರುತ್ತೀರೋ ಎನ್ನುವುದರ ಮೇಲೆ ಪ್ರವಾಸದ ರುಚಿ ನಿಂತಿದೆ.

ರಜೆಯ ಲೆಕ್ಕದಲ್ಲಿ ಹೇಳುವುದಾದರೆ: ಎರಡು ದಿನ ಸಿಕ್ಕರೆ ಮಲ್ಪೆ ಅಥವಾ ಕಾರವಾರ. ಐದು ದಿನ ಸಿಕ್ಕರೆ ಅಂಡಮಾನಿನ ನೀಲ್. ಲಕ್ಷದ್ವೀಪಕ್ಕೆ ಹಡಗಿನಲ್ಲಿ ಹೋಗಬೇಕೆಂದರೆ ಎಂಟೊಂಬತ್ತು ದಿನ ಕೈಯಲ್ಲಿರಬೇಕು. ಒಂದೇ ದಿನ ಇದ್ದವರಿಗೂ ನಮ್ಮ ಕೃಷ್ಣೆಯಲ್ಲೇ ಒಂದು ದಾರಿ ಇದೆ, ಅದನ್ನು ಕೊನೆಗೆ ನೋಡೋಣ.

ಮಲ್ಪೆಯ ಸೇಂಟ್ ಮೇರೀಸ್: ಒಂದು ತಾಸಿನ ದ್ವೀಪ

ಉಡುಪಿಯಿಂದ ಮಲ್ಪೆ ಆರು ಕಿ.ಮೀ. ಮಲ್ಪೆಯ ಬಂದರಿನಿಂದ ದೊಡ್ಡ ಬೋಟು, ಬೀಚಿನಿಂದ ಸಣ್ಣ ಬೋಟು ಹೊರಡುತ್ತವೆ. ಅರ್ಧ ತಾಸಿನ ಹಾದಿ. ಸೇಂಟ್ ಮೇರೀಸ್ ಒಂದು ದ್ವೀಪಗುಂಪು; ಜನ ಹೋಗುವುದು ಅದರ ನಾಲ್ಕು ಮುಖ್ಯ ನಡುಗಡ್ಡೆಗಳಲ್ಲಿ ಒಂದಾದ ತೆಂಗಿನ ದ್ವೀಪಕ್ಕೆ. ರಾತ್ರಿ ಉಳಿಯಲು ಬಿಡುವುದಿಲ್ಲ. ಇಳಿದ ಮೇಲೆ ಒಂದು ತಾಸು, ಹೆಚ್ಚೆಂದರೆ ಇನ್ನಷ್ಟು ಹೊತ್ತು, ಆಮೇಲೆ ವಾಪಸು. ಅಂದರೆ 1,200 ಕಿ.ಮೀ. ಹೋಗಿಬರುವ ಪ್ರಯಾಣಕ್ಕೆ ಒಂದು ತಾಸಿನ ದ್ವೀಪ. ಈ ಲೆಕ್ಕ ಒಪ್ಪಿಗೆಯಾಗದವರು ಇಲ್ಲೇ ನಿಲ್ಲಬಹುದು.

ಒಪ್ಪಿಗೆಯಾದವರಿಗೆ ಆ ಒಂದು ತಾಸು ದೊಡ್ಡದೇ. ಅಲ್ಲಿಯ ಕಲ್ಲು ಐದು, ಆರು, ಏಳು ಮೂಲೆಯ ಕಂಬಗಳಾಗಿ ನಿಂತಿದೆ, ಯಾರೋ ಕಡೆದು ಜೋಡಿಸಿದ ಹಾಗೆ. ಯಾಕೆ ಹೀಗೆ ಎಂದು ಎರೆ ಹೊಲ ಕಂಡವರಿಗೆ ಬೇಗ ಅರ್ಥವಾಗುತ್ತದೆ. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಕುಗ್ಗಿ ಬಾಯಿ ಬಿಡುವಾಗ ಮೇಲೆ ಐದಾರು ಮೂಲೆಯ ಹೆಂಟೆಗಳು ಮೂಡುತ್ತವಲ್ಲ, ಅದೇ ರೀತಿ ಕುದಿವ ಲಾವಾ ಆರುತ್ತ ಕುಗ್ಗಿ ಬಿರಿಯಿತು. ಬಿರುಕು ಮೇಲಿನಿಂದ ಆಳಕ್ಕೆ ಇಳಿಯುತ್ತ ಹೋಗಿ ಕಂಬಗಳಾದವು. ನಮ್ಮ ಎರೆಮಣ್ಣಿನ ತಾಯಿಕಲ್ಲಾದ ದಖ್ಖನಿನ ಲಾವಾಕ್ಕೆ ಸುಮಾರು 6.6 ಕೋಟಿ ವರ್ಷ ವಯಸ್ಸು. ಮಲ್ಪೆಯದು ಅದಕ್ಕೂ ಹಳೆಯದು, ಸುಮಾರು 8.8 ಕೋಟಿ ವರ್ಷ, ಮಡಗಾಸ್ಕರ್ ಭಾರತದಿಂದ ಸಿಡಿದು ದೂರವಾದ ಕಾಲದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಮಕ್ಕಳನ್ನು ಕರೆದುಕೊಂಡು ಹೋಗುವವರು ಇಷ್ಟು ಮಾತು ಬಸ್ಸಿನಲ್ಲೇ ಹೇಳಿಟ್ಟರೆ ಅವರು ಅಲ್ಲಿ ಮೊಬೈಲು ತೆಗೆಯುವ ಮೊದಲು ಕಲ್ಲಿನ ಮೂಲೆ ಎಣಿಸುತ್ತಾರೆ.

ಇಲ್ಲಿ ಎಡವಟ್ಟಾಗುವುದು ಹೆಚ್ಚಾಗಿ ಬಸ್ಸಿನಿಂದ ಇಳಿದ ದಿನವೇ. ಸಂಜೆ ಕಲಬುರಗಿ ಬಿಟ್ಟ ಬಸ್ಸು ರಾತ್ರಿಯಿಡೀ ಓಡಿ ಘಟ್ಟ ಇಳಿದು ಮರುದಿನ ಉಡುಪಿ ಮುಟ್ಟುತ್ತದೆ. ಘಟ್ಟದ ತಿರುವಿನಲ್ಲಿ ಅರ್ಧ ಜನಕ್ಕೆ ಆಗಲೇ ಹೊಟ್ಟೆ ತೊಳಸಿರುತ್ತದೆ. ನಿದ್ದೆ ಇಲ್ಲ, ಹೊಟ್ಟೆಯಲ್ಲಿ ಬರೀ ಚಹಾ. ಅದೇ ಸ್ಥಿತಿಯಲ್ಲಿ ‘ಹೊತ್ತು ಯಾಕ ಕಳಿಬೇಕು’ ಎಂದು ನೇರ ಬಂದರಿಗೆ ಹೋಗಿ ಬೋಟು ಹತ್ತುತ್ತಾರೆ. ಶಾಂತ ಸಮುದ್ರದಲ್ಲೂ ವಾಂತಿಯಾಗಲು ಇದಕ್ಕಿಂತ ಒಳ್ಳೆಯ ತಯಾರಿ ಬೇಕಿಲ್ಲ. ಆ ದಿನ ಉಡುಪಿಯಲ್ಲಿ ಊಟ, ಮಠ, ನಿದ್ದೆ ಎಂದು ಕಳೆದು ಮಲ್ಪೆಯಲ್ಲೇ ರಾತ್ರಿ ಉಳಿಯಿರಿ. ಮರುದಿನ ಮುಂಜಾನೆ ಒಂಬತ್ತರ ಆಸುಪಾಸಿನ ಮೊದಲ ಬೋಟು ಹಿಡಿಯಿರಿ.

ಮೊದಲ ಬೋಟಿಗೆ ಎರಡು ಲಾಭ. ಚಳಿಗಾಲದ ಮುಂಜಾನೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ, ನೀರು ಮಟ್ಟಸವಾಗಿರುತ್ತದೆ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು ತೆರೆ ಒಡೆಯತೊಡಗುತ್ತದೆ. ಇನ್ನೊಂದು, ವಾರದ ನಡುವಿನ ದಿನ ಮೊದಲ ಬೋಟಿನಲ್ಲಿ ಇಳಿದವರಿಗೆ ಎರಡನೆಯ ಬೋಟು ಬರುವ ತನಕ ದ್ವೀಪ ಬಹುಪಾಲು ಖಾಲಿ ಸಿಗುತ್ತದೆ. ಮಲ್ಪೆಯಲ್ಲಿ ಸಿಗುವ ಏಕಾಂತ ಅಷ್ಟೇ, ಆದರೆ ಸಿಗುತ್ತದೆ. ಶನಿವಾರ, ಭಾನುವಾರ ಹೋದರೆ ಅದೂ ಇಲ್ಲ. ಒಂದು ತೊಡಕು: ದೊಡ್ಡ ಬೋಟು ಜನ ತುಂಬುವ ತನಕ ಬಿಡುವುದಿಲ್ಲ. ವಾರದ ನಡುವೆ ಅರ್ಧ ಮುಕ್ಕಾಲು ತಾಸು ಕಾಯಲು ತಯಾರಿರಿ, ಅಥವಾ ಆರೆಂಟು ಜನ ಸೇರಿ ಸಣ್ಣ ಬೋಟು ಮಾಡಿಕೊಳ್ಳಿ.

ದೊಡ್ಡ ಬೋಟು ದ್ವೀಪದ ದಂಡೆಗೆ ಹತ್ತುವಷ್ಟು ನೀರಿಲ್ಲದಾಗ ನಡುವೆಯೇ ಸಣ್ಣ ದೋಣಿಗೆ ಇಳಿಸುತ್ತಾರೆ, ಅಲ್ಲಿಂದ ಮೊಣಕಾಲು ಮಟ್ಟದ ನೀರಿನಲ್ಲಿ ನಡೆದು ಹೋಗುವುದೂ ಉಂಟು. ನೀರಲ್ಲಿ ಚಿಪ್ಪು, ಸಿಂಪಿ, ಚೂಪು ಕಲ್ಲು. ಹವಾಯಿ ಚಪ್ಪಲಿ ತೆರೆಗೆ ಕಳಚಿ ತೇಲಿಹೋಗುತ್ತದೆ, ಬರಿಗಾಲು ಕುಯ್ಯುತ್ತದೆ. ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ಲೇ ಬೇಕು. ಕುಡಿಯುವ ನೀರು ತಲೆಗೆ ಒಂದು ಲೀಟರಾದರೂ ಸ್ಟೀಲ್ ಬಾಟಲಿಯಲ್ಲಿ ಒಯ್ಯಿರಿ, ಪ್ಲಾಸ್ಟಿಕ್ಕಿನ ಮೇಲೆ ಕಣ್ಣಿಡುತ್ತಾರೆ. ಹನ್ನೊಂದರ ಮೇಲೆ ಕಪ್ಪು ಕಲ್ಲು ಕಾದ ಹೆಂಚಾಗುತ್ತದೆ. ಸಿಳ್ಳೆ ಊದುವ ಕಾವಲುಗಾರರನ್ನು ನಮ್ಮ ಕಡೆಯ ಹುಡುಗರು ಲೆಕ್ಕಕ್ಕೆ ಇಡುವುದಿಲ್ಲ. ಕೆರೆ, ಬಾವಿಯಲ್ಲಿ ಕಲಿತ ಈಜು ಕಲ್ಲಿನ ಅಂಚಿನಲ್ಲಿ ಕೆಲಸಕ್ಕೆ ಬರುವುದಿಲ್ಲ; ತೆರೆ ಹಿಂದೆ ಸರಿಯುವಾಗ ಕಾಲಡಿಯ ಹಿಡಿತವನ್ನೇ ಎಳೆದುಕೊಂಡು ಹೋಗುತ್ತದೆ. ಕಾವಲುಗಾರರು ಸಿಳ್ಳೆ ಊದಿದಾಗ ಮೇಲೆ ಬನ್ನಿ.

ಕಾರವಾರ: ರಾತ್ರಿ ಉಳಿಯಬೇಕೆನ್ನುವವರಿಗೆ

ಕಲಬುರಗಿಯಿಂದ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ, ಕಾರವಾರ. ಮಲ್ಪೆಗಿಂತ ನೂರು ಕಿ.ಮೀ. ಹತ್ತಿರ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಬೇಕಾಗಿ ಬಂದರೆ ಬೇಸರಿಸಬೇಡಿ. ಮುಂಜಾನೆ ಹುಬ್ಬಳ್ಳಿಯಲ್ಲಿ ಮುಖ ತೊಳೆದು ತಿಂಡಿ ತಿಂದು ಹಗಲಲ್ಲಿ ಘಟ್ಟ ಇಳಿದರೆ ಹೊಟ್ಟೆಯೂ ಸುಖ, ಕಾಡೂ ಕಾಣುತ್ತದೆ.

ಇಲ್ಲಿ ಎರಡು ಬಗೆ. ಕೂರ್ಮಗಡ ನಿಜವಾದ ದ್ವೀಪ, ಆಮೆ ಕೂತ ಹಾಗೆ ಕಾಣುವ ಗುಡ್ಡ, ಮೇಲೆ ನರಸಿಂಹ ದೇವರ ಗುಡಿ. ಅಲ್ಲಿ ಉಳಿಯುವುದಾದರೆ ದೋಣಿ, ಊಟ, ವಸತಿ ಮೂರನ್ನೂ ಒಂದೇ ಕಡೆ ಮೊದಲೇ ಮಾತಾಡಿ ಖಾತ್ರಿ ಮಾಡಿಕೊಂಡೇ ಊರು ಬಿಡಬೇಕು. ದಂಡೆಗೆ ಬಂದು ಕೇಳೋಣ ಎಂದರೆ ನಡೆಯುವುದಿಲ್ಲ; ಅಂಗಡಿ ಇಲ್ಲದ ಜಾಗ, ಮರೆತ ಮಾತ್ರೆ ಮರೆತ ಹಾಗೇ. ಇನ್ನೊಂದು ದೇವಬಾಗ. ಅದು ದ್ವೀಪವಲ್ಲ, ಕಾಳಿ ನದಿ ಕಡಲು ಸೇರುವಲ್ಲಿ ಚಾಚಿದ ಮರಳಿನ ನಾಲಿಗೆ, ತುಂಬ ಗಾಳಿಮರ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಅಲ್ಲಿ ವಸತಿ ನಡೆಸುತ್ತದೆ, ದೋಣಿಯಲ್ಲೇ ಹೋಗಬಹುದು. ನದೀಮುಖದ ನೀರು ಹೊರಗಡಲಿಗಿಂತ ಎಷ್ಟೋ ಮೆತ್ತಗೆ. ಹಿರಿಯರಿದ್ದ ಮನೆಗೆ, ಎದೆಯಲ್ಲಿ ನೀರಿನ ಭಯ ಇದ್ದವರಿಗೆ ನಮ್ಮ ಓಟು ದೇವಬಾಗಕ್ಕೆ. ದ್ವೀಪದ ಹೆಸರಿಲ್ಲ ಎನ್ನುವುದೊಂದು ಬಿಟ್ಟರೆ ದ್ವೀಪದ ಸುಖ ಅಷ್ಟೂ ಇದೆ, ಸಂಜೆಯ ಮೌನವೂ ಸೇರಿ.

ಕೂರ್ಮಗಡದ ಜಾತ್ರೆ ಪುಷ್ಯ ಹುಣ್ಣಿಮೆಗೆ, ಜನವರಿಯಲ್ಲಿ ಬರುತ್ತದೆ. ಶಾಂತಿಗೆ ಹೋಗುವವರು ಆ ದಿನ ಬಿಡಿ. ಜಾತ್ರೆಗೇ ಹೋಗುವವರು ಒಂದು ಮಾತು ನೆನಪಿಡಿ: 2019ರ ಜನವರಿ 21ರಂದು ಆ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ ಹತ್ತಕ್ಕೂ ಹೆಚ್ಚು ಜನ ಸತ್ತರು. ದೋಣಿಯ ಮೈಮೇಲೆ ಎಷ್ಟು ಜನರಿಗೆ ಅನುಮತಿ ಎಂದು ಬರೆದಿರುತ್ತದೆ. ಅದಕ್ಕಿಂತ ಒಬ್ಬರು ಹೆಚ್ಚಿದ್ದರೂ ಹತ್ತಬೇಡಿ. ಹೊತ್ತಾಗುತ್ತಿದೆ, ಇದೇ ಕೊನೆಯ ದೋಣಿ ಎಂದು ನೂಕಿಕೊಂಡು ಹತ್ತುವ ಗಳಿಗೆಯೇ ಅಪಾಯದ ಗಳಿಗೆ.

ಪಕ್ಕದ ಅಂಜುದೀವ ನೌಕಾಪಡೆಯ ವಶದಲ್ಲಿದೆ, ಪ್ರವೇಶವಿಲ್ಲ. ಕಾರವಾರದ ಸುತ್ತ ಬೋಟಿನಲ್ಲಿ ಹೋಗುವಾಗ ‘ಆ ಕಡೆ ಕ್ಯಾಮೆರಾ ಬ್ಯಾಡ’ ಎಂದು ಬೋಟಿನವರು ಹೇಳಿದರೆ ಅದು ಅವರ ಜಬರದಸ್ತಿಯಲ್ಲ.

ಮುರುಡೇಶ್ವರದ ನೇತ್ರಾಣಿಯನ್ನು ಈ ಪಟ್ಟಿಯಲ್ಲಿ ಸೇರಿಸಬೇಕೋ ಬೇಡವೋ ಎನ್ನುವ ಹಾಗಿದೆ. ದಂಡೆಯಿಂದ ಸುಮಾರು 19 ಕಿ.ಮೀ., ಬೋಟಿನಲ್ಲಿ ಒಂದು ಒಂದೂವರೆ ತಾಸು, ಆದರೆ ಹೋಗುವವರೆಲ್ಲ ಹೋಗುವುದು ಸ್ಕೂಬಾಕ್ಕೆ. ದ್ವೀಪದ ಮೇಲೆ ಇಳಿಸುವುದಿಲ್ಲ, ಪಕ್ಕದಲ್ಲಿ ಲಂಗರು ಹಾಕಿದ ಬೋಟಿನಿಂದಲೇ ನೀರಿಗೆ. ಈಜು ಬಾರದವರನ್ನೂ ತರಬೇತುದಾರ ಹಿಡಿದುಕೊಂಡು ಇಳಿಸುತ್ತಾನೆ. ನೀರಿಗಿಳಿಯದೆ ಬೋಟಿನಲ್ಲೇ ಕೂರುವವರಿಗೆ ಮಾತ್ರ ಇದು ಶಿಕ್ಷೆ: ನಿಂತ ಬೋಟು ಓಡುವ ಬೋಟಿಗಿಂತ ಹೆಚ್ಚು ತೊನೆಯುತ್ತದೆ. ಡೈವ್ ಮಾಡಿದವರು ಅದೇ ಸಂಜೆ ಘಟ್ಟ ಹತ್ತುವ ಬಸ್ಸು ಹಿಡಿಯದೆ ಒಂದು ರಾತ್ರಿ ಕಡಲ ಮಟ್ಟದಲ್ಲೇ ಕಳೆಯುವುದು ಲೇಸು. ವಿಮಾನವಂತೂ 12ರಿಂದ 18 ತಾಸು ಬೇಡ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಸಾರಜನಕ ನಿಧಾನವಾಗಿ ಹೊರಹೋಗಬೇಕು, ಮೇಲೇರಿದಷ್ಟೂ ಅದು ಗುಳ್ಳೆಯಾಗುವ ಅಪಾಯ ಹೆಚ್ಚು.

ನೀಲ್: ಬೀದರದವರಿಗೆ ಕಾರವಾರಕ್ಕಿಂತ ಹತ್ತಿರ

ತಮಾಷೆಯಲ್ಲ. ಬೀದರದಿಂದ ಹೈದರಾಬಾದು ಸುಮಾರು 145 ಕಿ.ಮೀ.; ಜಹೀರಾಬಾದ್ ದಾಟಿ ಹೊರವರ್ತುಲ ರಸ್ತೆ ಹಿಡಿದರೆ ನಗರದೊಳಗೆ ಹೋಗದೆ ಶಂಷಾಬಾದ್ ವಿಮಾನ ನಿಲ್ದಾಣ. ಅಲ್ಲಿಂದ ಅಂಡಮಾನಿಗೆ ನೇರ ವಿಮಾನದಲ್ಲಿ ಎರಡು ಎರಡೂವರೆ ತಾಸು. ಬೀದರದಿಂದ ಬಸ್ಸಿನಲ್ಲಿ ಹೊರಟವರು ಕಾರವಾರ ಮುಟ್ಟುವ ಹೊತ್ತಿಗೆ ವಿಮಾನ ಹಿಡಿದವರು ಅಂಡಮಾನಿನಲ್ಲಿ ಎಳನೀರು ಕುಡಿದು ಮುಗಿಸಿರುತ್ತಾರೆ. ಕಲಬುರಗಿಯವರಿಗೆ ಹೈದರಾಬಾದಿಗೆ ವಾಡಿ, ತಾಂಡೂರಿನ ರೈಲಿದೆ, ಸೇಡಂ ದಾರಿಯ ರಸ್ತೆಯೂ ಇದೆ. ಯಾದಗಿರಿಯವರಿಗೂ ಸುಮಾರು 200 ಕಿ.ಮೀ. ಅಷ್ಟೆ. ರೊಕ್ಕದ ಮಾತು ಬೇರೆ: ನಾಲ್ಕು ಜನರ ವಿಮಾನದ ಖರ್ಚಿನಲ್ಲಿ ಕಾರವಾರಕ್ಕೆ ಇಡೀ ಓಣಿ ಹೋಗಿಬರಬಹುದು.

ಪೋರ್ಟ್ ಬ್ಲೇರಿಗೆ 2024ರಿಂದ ಶ್ರೀ ವಿಜಯಪುರಂ ಎಂದು ಹೆಸರು. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಶಹೀದ್ ದ್ವೀಪ. ಟಿಕೆಟ್ಟಿನ ಮೇಲೆ ಎರಡೂ ಹೆಸರು ಕಂಡು ಗಾಬರಿಯಾಗಬೇಡಿ. ಜನ ಹೆಚ್ಚು ಹೋಗುವುದು ಹ್ಯಾವ್‌ಲಾಕಿಗೆ; ಶಾಂತಿ ಬೇಕಾದವರು ನೀಲ್‌ನಲ್ಲೇ ಎರಡು ರಾತ್ರಿ ಹಾಕಬೇಕು. ಹಲವು ಪ್ಯಾಕೇಜುಗಳು ನೀಲ್‌ಗೆ ಮುಂಜಾನೆ ಕರೆತಂದು ಮಧ್ಯಾಹ್ನ ವಾಪಸು ಒಯ್ಯುತ್ತವೆ, ಅಲ್ಲಿಗೆ ಆ ದ್ವೀಪದ ಸಾರವೇ ಹೋಯಿತು. ಆ ಹಗಲಿನ ಜನ ಹೋದ ಮೇಲೆ ಉಳಿಯುವುದು ಸಪಾಟು ನೆಲ, ತರಕಾರಿ ಹೊಲ, ಬಾಳೆ, ಅಡಿಕೆ. ಭರತ್‌ಪುರ, ಸೀತಾಪುರ, ಲಕ್ಷ್ಮಣ್‌ಪುರ, ರಾಮ್‌ನಗರ – ಊರಿನ ಹೆಸರುಗಳೆಲ್ಲ ರಾಮಾಯಣದವು. ಸೈಕಲ್ಲಿನಲ್ಲಿ ಒಂದು ದಿನಕ್ಕೆ ಇಡೀ ದ್ವೀಪ ಸುತ್ತಬಹುದು.

ನಮ್ಮ ಗಡಿಯಾರದ ಅಭ್ಯಾಸ ಅಲ್ಲಿ ಕೈಕೊಡುತ್ತದೆ. ಭಾರತಕ್ಕೆಲ್ಲ ಒಂದೇ ಸಮಯ, ಅಂಡಮಾನು ಮಾತ್ರ ಬಹಳ ಮೂಡಣಕ್ಕಿದೆ. ಡಿಸೆಂಬರಿನಲ್ಲಿ ಸಂಜೆ ಐದರ ಹೊತ್ತಿಗೇ ಸೂರ್ಯ ಮುಳುಗುತ್ತಾನೆ. ಊಟ ಮಾಡಿ, ಮಲಗಿ ಎದ್ದು, ಐದೂವರೆಗೆ ಲಕ್ಷ್ಮಣ್‌ಪುರದ ದಂಡೆಗೆ ಹೋದವರಿಗೆ ಕತ್ತಲು ಕಾದಿರುತ್ತದೆ. ಅಲ್ಲಿ ನಸುಕಿನ ನಾಲ್ಕೂವರೆಗೆ ಏಳುವುದು, ರಾತ್ರಿ ಎಂಟಕ್ಕೆ ಮಲಗುವುದು – ರೈತನ ದಿನಚರಿ ಹಿಡಿದವನೇ ಗೆದ್ದ.

ಇನ್ನೊಂದು ಗಡಿಯಾರ ಉಬ್ಬರ ಇಳಿತದ್ದು. ನೀಲ್‌ನ ಸಹಜ ಕಲ್ಲುಸೇತುವೆ, ಅದರ ಬುಡದ ನೀರ್ಗುಳಿಗಳಲ್ಲಿ ಸಿಕ್ಕಿಕೊಂಡ ಮೀನು, ಕಡಲಸೌತೆ (ಸೌತೆಕಾಯಿಯ ಆಕಾರದ ಕಡಲಜೀವಿ) ಇವನ್ನು ನೋಡಲು ಇಳಿತವೇ ಬೇಕು. ಈಜಲು ಉಬ್ಬರವೇ ಬೇಕು, ಇಳಿತದಲ್ಲಿ ಹವಳ ಮೊಣಕಾಲಿಗೆ ತಾಗುವಷ್ಟು ಮೇಲೆ ಬಂದಿರುತ್ತದೆ. ದಿನಕ್ಕೆ ಎರಡು ಸಲ ಇಳಿತ, ದಿನದಿಂದ ದಿನಕ್ಕೆ ಮುಕ್ಕಾಲು ತಾಸಿನಷ್ಟು ತಡವಾಗುತ್ತ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ನೀರು ಬಹಳ ಕೆಳಗಿಳಿಯುತ್ತದೆ. ಪಂಚಾಂಗ ನೋಡುವ ಮನೆಯವರಿಗೆ ಇದು ಕಷ್ಟವಲ್ಲ: ಕಲ್ಲುಸೇತುವೆ ನೋಡಬೇಕೆಂದರೆ ಆ ತಿಥಿಗಳ ಆಚೀಚೆ ಎರಡು ದಿನ ಇಟ್ಟುಕೊಳ್ಳಿ.

ದೋಣಿಯ ವಿಷಯ. ಪೋರ್ಟ್ ಬ್ಲೇರಿನಿಂದ ನೀಲ್‌ಗೆ ಖಾಸಗಿ ವೇಗದ ಹಡಗಿನಲ್ಲಿ ಒಂದು ಒಂದೂವರೆ ತಾಸು, ಟಿಕೆಟ್ಟು ಸಾವಿರ ದಾಟುತ್ತದೆ. ಹೆಚ್ಚಿನವುಗಳಲ್ಲಿ ಎಸಿ, ಮುಚ್ಚಿದ ಕಿಟಕಿ. ಸರ್ಕಾರಿ ಹಡಗು ನಿಧಾನ, ಅಗ್ಗ, ಮೇಲಿನ ಡೆಕ್ಕಿನಲ್ಲಿ ಗಾಳಿಗೆ ನಿಲ್ಲಬಹುದು. ಸ್ಥಳೀಯರ ಸಂಚಾರಕ್ಕೆ ಇರುವುದಾದ್ದರಿಂದ ಪ್ರವಾಸಿಗೆ ಸೀಟು ಸಿಗುವುದೇ ಕಷ್ಟ. ಹೊಟ್ಟೆ ತೊಳಸುವವರಿಗೆ ಖಾಸಗಿಯದು ಒಳ್ಳೆಯದು ಎಂದು ಎಲ್ಲರೂ ತಿಳಿದಿದ್ದಾರೆ. ನಮ್ಮ ಅಭಿಪ್ರಾಯ ತಿರುಗಮುರುಗ: ಮುಚ್ಚಿದ ಎಸಿಯಲ್ಲಿ ಒಬ್ಬರು ಶುರು ಮಾಡಿದರೆ ವಾಸನೆಗೇ ಸಾಲಾಗಿ ಹತ್ತು ಜನ ಚೀಲ ಕೇಳುತ್ತಾರೆ. ಡೆಕ್ಕಿನ ಗಾಳಿಯೇ ಅರ್ಧ ಮದ್ದು.

ಟಿಕೆಟ್ಟು ಮಾಡುವ ಕ್ರಮ ತಪ್ಪಬಾರದು. ವಿಮಾನ ಇಳಿಯುವ ಹೊತ್ತಿಗೂ ಆ ದಿನದ ಹಡಗು ಬಿಡುವ ಹೊತ್ತಿಗೂ ನಡುವೆ ಮೂರು ತಾಸಾದರೂ ಇರಲಿ, ಇಲ್ಲವಾದರೆ ಮೊದಲ ರಾತ್ರಿ ಪೋರ್ಟ್ ಬ್ಲೇರಿನಲ್ಲೇ ಉಳಿಯಿರಿ. ಮರಳುವಾಗ ಮಾತ್ರ ಇದರಲ್ಲಿ ಆಯ್ಕೆ ಇಲ್ಲ: ವಿಮಾನದ ಹಿಂದಿನ ದಿನವೇ ಪೋರ್ಟ್ ಬ್ಲೇರಿಗೆ ಬಂದಿರಬೇಕು. ಗಾಳಿ ಎದ್ದರೆ ಹಡಗು ರದ್ದಾಗುತ್ತದೆ, ವಿಮಾನ ನಿಮಗಾಗಿ ಕಾಯುವುದಿಲ್ಲ. ಪ್ಯಾಕೇಜಿನವರು ‘ಒಂದು ದಿನ ಉಳೀತದ ಸರ್’ ಎಂದು ಅದೇ ದಿನ ಹಡಗು, ಅದೇ ದಿನ ವಿಮಾನ ಜೋಡಿಸಿ ಕೊಟ್ಟರೆ ಒಪ್ಪಬೇಡಿ. ಕೈಯಲ್ಲಿ ನಗದು, ಎಲ್ಲರ ಮೂಲ ಆಧಾರ್ ಕಾರ್ಡು ಇರಲಿ. ದಂಡೆಯಲ್ಲಿ ಸಿಕ್ಕ ಹವಳದ ತುಂಡು ಚೀಲಕ್ಕೆ ಹಾಕಬೇಡಿ. ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೂ ಹುಲಿಗೂ ಒಂದೇ ದರ್ಜೆಯ ರಕ್ಷಣೆ, ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಲಕ್ಷದ್ವೀಪ: ಹಡಗೇ ಪ್ರವಾಸ

ಹಡಗು ಹೊರಡುವುದು ಕೊಚ್ಚಿಯಿಂದ. ಅಲ್ಲಿಗೆ ಕಲಬುರಗಿ, ಯಾದಗಿರಿ ಮೇಲೆ ಹಾಯುವ ಪುಣೆ–ಕನ್ಯಾಕುಮಾರಿ ಎಕ್ಸ್‌ಪ್ರೆಸ್ ಕೊಚ್ಚಿಯ ರೈಲು ನಿಲ್ದಾಣವಾದ ಎರ್ನಾಕುಲಕ್ಕೆ ಒಯ್ಯುತ್ತದೆ, ಆದರೆ ಒಂದು ದಿನಕ್ಕೂ ಮೇಲಿನ ಪ್ರಯಾಣ. ಅಲ್ಲಿಂದ ಹಡಗಿನಲ್ಲಿ 14ರಿಂದ 18 ತಾಸು, ಯಾವ ದ್ವೀಪ ಎನ್ನುವುದರ ಮೇಲೆ. ಅನುಮತಿ ಪತ್ರವಿಲ್ಲದೆ ಹಡಗು ಹತ್ತಿಸುವುದಿಲ್ಲ. ಕಾಗದಪತ್ರಕ್ಕೆ ಒಂದೂವರೆ ಎರಡು ತಿಂಗಳು ಮೊದಲೇ ಕೂರಬೇಕು, ಹಡಗಿನ ವೇಳಾಪಟ್ಟಿ ಕೈಗೆ ಬರುವ ತನಕ ರೈಲಿನ ಟಿಕೆಟ್ಟು ಕೊಳ್ಳಬಾರದು.

‘ಸಮುದ್ರಂ’ ಹೆಸರಿನ ಹಡಗಿನ ಪ್ಯಾಕೇಜು ಐದು ದಿನದ್ದು: ಕವರತ್ತಿ, ಕಲ್ಪೇನಿ, ಮಿನಿಕಾಯ್ ಮೂರೂ ಹಗಲಲ್ಲಿ ತೋರಿಸಿ, ರಾತ್ರಿ ಹಡಗಿಗೇ ವಾಪಸು. ದ್ವೀಪದ ಸಂಜೆ ಬೇಕೆಂದವರಿಗೆ ಇದು ಹೊಂದುವುದಿಲ್ಲ ಎನ್ನುವುದನ್ನು ಏಜೆಂಟರು ಹೇಳುವುದಿಲ್ಲ. ಕದ್ಮತ್, ಬಂಗಾರಂ ಮುಂತಾದ ಕಡೆ ತಂಗುವ ಏರ್ಪಾಡನ್ನೇ ಕೇಳಿ. ಲಗೂನಿನ, ಅಂದರೆ ದಂಡೆಗೂ ಹವಳದ ಗೋಡೆಗೂ ನಡುವಿನ, ನೀರು ಈ ಬರಹದ ಎಲ್ಲ ದ್ವೀಪಗಳಿಗಿಂತ ಶಾಂತ; ಸುತ್ತ ಹವಳದ ಗೋಡೆ ಇರುವುದರಿಂದ ಹೊರಗಿನ ತೆರೆ ಅಲ್ಲೇ ಒಡೆದು ಸೋಲುತ್ತದೆ. ಆದರೆ ಅದೇ ಗೋಡೆಯ ಕಾರಣಕ್ಕೆ ದೊಡ್ಡ ಹಡಗು ಹಲವು ಕಡೆ ದಂಡೆಗೆ ಬರಲಾರದು. ಹೊರಗಡಲಿನಲ್ಲೇ ನಿಂತ ಹಡಗಿನಿಂದ ಸಣ್ಣ ದೋಣಿಗೆ ದಾಟಬೇಕು. ಮೊಣಕಾಲು ನೋವಿದ್ದವರು ಇದೊಂದು ಕಾರಣಕ್ಕೆ ಲಕ್ಷದ್ವೀಪದ ಹಡಗು ಬಿಡುವುದೇ ಸರಿ.

ದೋಣಿಯಿಂದ ದೋಣಿಗೆ ದಾಟುವ ಬಗೆ

ಚಿತ್ರ ಕಣ್ಣಿಗೆ ತಂದುಕೊಳ್ಳಿ. ದೊಡ್ಡ ಹಡಗು ಹೆಚ್ಚು ಅಲ್ಲಾಡುವುದಿಲ್ಲ. ಪಕ್ಕದ ಸಣ್ಣ ದೋಣಿ ತೆರೆಯ ಜತೆ ಎರಡು ಮೂರು ಅಡಿ ಏರುತ್ತದೆ, ಇಳಿಯುತ್ತದೆ. ದೋಣಿ ಏರಿ ಮೇಲೆ ಬಂದು ಇಳಿಯುವ ಮೊದಲು ಒಂದು ಕ್ಷಣ ನಿಲ್ಲುತ್ತದೆ. ಹೆಜ್ಜೆ ಇಡಬೇಕಾದ್ದು ಆಗಲೇ. ಏರುವಾಗ ಇಟ್ಟರೆ ದೋಣಿ ಕಾಲಿಗೆ ಗುದ್ದುತ್ತದೆ, ಇಳಿಯುವಾಗ ಇಟ್ಟರೆ ಇದ್ದ ನೆಲವೇ ಕೆಳಗೆ ಹೋಗಿ ಮುಗ್ಗರಿಸುತ್ತೀರಿ. ಖಲಾಸಿ ‘ಬಾ’ ಎಂದಾಗ ಬನ್ನಿ, ಅನುಮಾನಿಸಿ ಅರ್ಧಕ್ಕೆ ನಿಲ್ಲಬೇಡಿ. ಅಂಗೈ ಹಿಡಿಯುವುದಲ್ಲ, ಪರಸ್ಪರ ಮಣಿಕಟ್ಟು ಹಿಡಿಯುವುದು. ಬೆವರಿದ ಅಂಗೈ ಜಾರುತ್ತದೆ. ಚೀಲ ಮೊದಲೇ ಕೊಟ್ಟುಬಿಡಿ, ಎರಡೂ ಕೈ ಖಾಲಿ ಇರಲಿ. ಎರಡು ದೋಣಿಗಳ ನಡುವಿನ ಸಂದಿಗೆ ಕೈಯಾಗಲಿ ಕಾಲಾಗಲಿ ಹೋಗಲೇಬಾರದು. ಅವ್ವಂದಿರ ಇಳಕಲ್ ಸೀರೆಯ ಅಂಚು ಹುಕ್ಕಿಗೆ ಸಿಕ್ಕಿಕೊಳ್ಳುತ್ತದೆ; ನೆರಿಗೆ ಎತ್ತಿ ಗಟ್ಟಿಯಾಗಿ ಸಿಕ್ಕಿಸಿಕೊಳ್ಳಲಿ, ಒಪ್ಪಿದರೆ ಆ ಒಂದು ದಿನ ಚೂಡಿದಾರ.

ವಾಂತಿಗೆ ಅವೋಮಿನ್‌ನಂಥ ಮಾತ್ರೆಯನ್ನು ಹತ್ತುವ ಒಂದೆರಡು ತಾಸು ಮೊದಲೇ ನುಂಗಬೇಕು, ಶುರುವಾದ ಮೇಲೆ ನುಂಗಿದ್ದು ಹೊರಗೇ ಬರುತ್ತದೆ. ನಿದ್ದೆ ತರುವ ಮಾತ್ರೆ ಅದು. ಮಕ್ಕಳಿಗೆ, ಬಸುರಿಯರಿಗೆ, ಬೇರೆ ಔಷಧಿ ತಿನ್ನುವ ಹಿರಿಯರಿಗೆ ವೈದ್ಯರನ್ನು ಕೇಳಿಯೇ ಕೊಡಿ. ಕೂರುವುದು ದೋಣಿಯ ನಡುಭಾಗದಲ್ಲಿ, ಡೀಸೆಲ್ ಹೊಗೆಯಿಂದ ದೂರ. ಕಣ್ಣು ದಿಗಂತದ ಗೆರೆಯ ಮೇಲೆ ಇರಲಿ, ಮೊಬೈಲಿನ ಮೇಲೆ ಬೇಡ. ಒಳಕಿವಿ ‘ಅಲ್ಲಾಡುತ್ತಿದ್ದೇವೆ’ ಎನ್ನುವಾಗ ಕಣ್ಣು ‘ಇಲ್ಲ’ ಎಂದರೆ ಹೊಟ್ಟೆ ತಿರುಗುತ್ತದೆ. ಖಾಲಿ ಹೊಟ್ಟೆಯೂ ಬೇಡ, ಪೂರಿ ಬಾಜಿಯೂ ಬೇಡ. ಎರಡು ಇಡ್ಲಿ ಸಾಕು.

ಯಾವ ತಿಂಗಳು

ಪಡುವಣ ಕಡಲು ಜೂನಿನಿಂದ ಮಳೆಗಾಲ ಮುಗಿಯುವ ತನಕ ಪ್ರವಾಸಿ ದೋಣಿಗೆ ಮುಚ್ಚಿರುತ್ತದೆ, ಮೇ ನಡುವಿನಿಂದಲೇ ತೆರೆ ಜೋರು. ಘಟ್ಟದ, ಕರಾವಳಿಯ ರಸ್ತೆಗಳೂ ಆಗ ನಂಬಿಗಸ್ತವಲ್ಲ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಕರಾವಳಿಯ ಹೆದ್ದಾರಿಯೇ ಮುಚ್ಚಿಹೋಗಿತ್ತು. ದಸರೆಯ ರಜೆಗೆ ಮಲ್ಪೆ, ಕಾರವಾರ ತೆರೆದಿರುವುದುಂಟು, ನವೆಂಬರಿನಿಂದ ಫೆಬ್ರುವರಿ ನಿಶ್ಚಿಂತೆ. ದಸರೆಗೆ ಅಂಡಮಾನು ಮಾತ್ರ ಬೇಡ, ಅಕ್ಟೋಬರಿನಿಂದ ಡಿಸೆಂಬರು ಬಂಗಾಳ ಕೊಲ್ಲಿಯ ತುಫಾನಿನ ಕಾಲ. ಅಲ್ಲಿಗೆ ಜನವರಿಯಿಂದ ಏಪ್ರಿಲ್. ನಮ್ಮಲ್ಲಿ 42 ಡಿಗ್ರಿ ಕಾಯುವಾಗ ತಂಪಿಗೆಂದು ಕಡಲಿಗೆ ಓಡುವವರು ಇಷ್ಟು ತಿಳಿದಿರಲಿ: ಅಲ್ಲಿ 33 ಡಿಗ್ರಿಯೇ ಇದ್ದರೂ ಬೆವರು ಆರುವುದಿಲ್ಲ. ನಮ್ಮ ಒಣ ಬಿಸಿಲಿಗೆ ಹೊಂದಿದ ಮೈಗೆ ಅದು ಬೇರೆಯದೇ ಸಂಕಟ.

ಬುತ್ತಿ

ಸಸ್ಯಾಹಾರಿ ಮನೆಗೆ ಉಡುಪಿಯಷ್ಟು ಸಲೀಸು ಬೇರೆಲ್ಲೂ ಇಲ್ಲ. ನೀಲ್‌ನಲ್ಲಿ ತರಕಾರಿ ಅಲ್ಲೇ ಬೆಳೆಯುತ್ತದೆ, ತೊಂದರೆಯಿಲ್ಲ. ಲಕ್ಷದ್ವೀಪದಲ್ಲಿ ಊಟವೆಂದರೆ ಟ್ಯೂನಾ ಮೀನು, ತೆಂಗು; ಸಸ್ಯಾಹಾರ ಮೊದಲೇ ಹೇಳಿಡಬೇಕು. ಎಲ್ಲೆಡೆ ಅನ್ನವೇ. ರೊಟ್ಟಿ ಬಿಟ್ಟಿರಲಾರದವರು ಕಟಕ ರೊಟ್ಟಿ ಒಯ್ಯುತ್ತೀರಿ, ಸರಿ. ಆದರೆ ಇಲ್ಲಿ ತಿಂಗಳುಗಟ್ಟಲೆ ಬುಟ್ಟಿಯಲ್ಲಿ ಕಟಕಟ ಎನ್ನುವ ರೊಟ್ಟಿ ಕಡಲ ಗಾಳಿಗೆ ಒಂದೇ ದಿನದಲ್ಲಿ ಚರ್ಮವಾಗುತ್ತದೆ, ಆಮೇಲೆ ಬೂಸು. ಒಂದು ಹೊತ್ತಿಗೆ ಬೇಕಾದಷ್ಟೇ, ನಾಲ್ಕೈದರಂತೆ ಗಾಳಿಯಾಡದ ಚೀಲದಲ್ಲಿ ಬೇರೆ ಬೇರೆ ಕಟ್ಟಿ ಸ್ಟೀಲ್ ಡಬ್ಬಿಯಲ್ಲಿಡಿ. ಒಡೆದ ಚೀಲ ಆ ಹೊತ್ತಿಗೇ ಮುಗಿಯಬೇಕು. ಶೇಂಗಾ ಹಿಂಡಿ ಒಣದಾಗಿದ್ದರೆ ವಾರ ಬಾಳುತ್ತದೆ.

ಒಂದೇ ದಿನ ಇದ್ದವರಿಗೆ, ಮೊದಲು ಪರೀಕ್ಷೆ ಬೇಕೆನ್ನುವವರಿಗೆ

ರಾಯಚೂರು ತಾಲೂಕಿನ ಕುರುವಪುರ, ಕೃಷ್ಣೆಯ ನಡುಗಡ್ಡೆ. ದತ್ತಾತ್ರೇಯರ ಅವತಾರವೆಂದು ಭಕ್ತರು ನಂಬುವ ಶ್ರೀಪಾದ ಶ್ರೀವಲ್ಲಭರ ಸ್ಥಾನ. ಗಾಣಗಾಪುರಕ್ಕೆ ನಡೆದುಕೊಳ್ಳುವ ಮನೆಗಳಿಗೆ ಹೊಸದಾಗಿ ಹೇಳಬೇಕಿಲ್ಲ. ಯಾದಗಿರಿಯಿಂದ ರೈಲಿನಲ್ಲಿ ರಾಯಚೂರು ಮುಟ್ಟಿ ದಡ ಸೇರಿದರೆ ದೋಣಿ. ಗುರುವಾರ, ಹುಣ್ಣಿಮೆ ಬಿಟ್ಟು ಬೇರೆ ದಿನ ಹೋದರೆ ಬೇವಿನ ನೆರಳು, ನೀರಿನ ಸದ್ದು, ಅಷ್ಟೇ. ಮಳೆಗಾಲದಲ್ಲಿ ನಾರಾಯಣಪುರದ ಗೇಟು ತೆರೆದು ನೀರು ಬಿಟ್ಟಾಗ ದೋಣಿ ನಿಲ್ಲುತ್ತದೆ. ಮೇಲೆ ಬಿಸಿಲಿದ್ದರೂ, ಮಹಾರಾಷ್ಟ್ರದಲ್ಲಿ ಸುರಿದ ಮಳೆ ಇಲ್ಲಿ ಹೊಳೆಯಾಗಿ ಬರುತ್ತದೆ. ಹೊರಡುವ ಮುಂಜಾನೆ ಪತ್ರಿಕೆಯಲ್ಲಿ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ ನೋಡಿ.

ಮನೆಯಲ್ಲಿ ಯಾರೂ ಈ ಹಿಂದೆ ದೋಣಿ ಹತ್ತಿಲ್ಲದಿದ್ದರೆ ವಿಮಾನದ ಟಿಕೆಟ್ಟಿಗೆ ಮೊದಲು ಇಲ್ಲಿಗೆ ಬನ್ನಿ. ದೋಣಿ ನಡುನೀರಿಗೆ ಬಂದಾಗ ಹಿರಿಯರ ಕೈ ನೋಡಿ. ಕೈ ನೀರಿಗಿಳಿದು ಆಡುತ್ತಿದ್ದರೆ ನೀಲ್‌ಗೆ ಬುಕ್ ಮಾಡಿ. ಎರಡೂ ಕೈ ದೋಣಿಯ ಅಂಚನ್ನು ಬಿಗಿಹಿಡಿದು ಬಾಯಲ್ಲಿ ‘ದಿಗಂಬರಾ ದಿಗಂಬರಾ’ ಎಂಬ ದತ್ತಜಪ ನಡೆದಿದ್ದರೆ, ದೇವಬಾಗದಲ್ಲಿ ಗಾಳಿಮರದ ಕೆಳಗೊಂದು ಕೋಣೆ ಹಿಡಿಯಿರಿ.